ಬಣ್ಣದ ನೀರನ್ನು ಬಿಸಿಲಿಗಿಟ್ಟ ಹನ್ನೊಂದು ಹೆಂಗಸರು

ನನ್ನ ತಂಗಿ ಮುತಿಯಾತ್ ತೀರಿಹೋದಳೆಂದು ತಿಳಿದಾಗ ನನ್ನ ಎರಡು ಕೈಗಳೂ ಮೊಣಕೈವರೆಗೆ ನೀಲಿಯಾಗಿದ್ದವು. ಬುಧವಾರ ಬೆಳಗಿನ ಹೊತ್ತು. ದಿನದ ಮೊದಲ ಬಟ್ಟೆಯನ್ನು ಬಣ್ಣದ ಹಂಡೆಯಿಂದ ಎತ್ತಿ ಗಾಳಿಗೆ ಬಿಡಿಸುತ್ತಿದ್ದೆ. ಗುಡ್ಡದ ಮೇಲಿನ ಆಸ್ಪತ್ರೆಯಿಂದ ಅವಳ ಮಗಳು ಬಷೀರತ್ ಫೋನು ಮಾಡಿದಳು.

"ದೊಡ್ಡಮ್ಮಾ, ಅಮ್ಮ ಹೋದ್ರು."

ಅಲ್ಲಾಹನಿಂದ ಬಂದವರು ಅವನಲ್ಲಿಗೇ ಮರಳುತ್ತೇವೆ ಎಂದು ನಾನು ಹೇಳಬೇಕಾಗಿತ್ತು. ಹಸಿ ಬಟ್ಟೆಯನ್ನು ಹಿಡಿದುಕೊಂಡು ಹಾಗೆಯೇ ನಿಂತಿದ್ದೆ. ಪಕ್ಕದ ಹಂಡೆಯ ಅಬೋಸೆಡೆ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟೆ ತೆಗೆದುಕೊಂಡಳು.

ನಮ್ಮಲ್ಲಿ ಸತ್ತವರನ್ನು ಅದೇ ದಿನ ಮಣ್ಣು ಮಾಡುತ್ತಾರೆ. ಹೆಂಗಸಿನ ಮೈಯನ್ನು ಹೆಂಗಸರೇ ತೊಳೆಯಬೇಕು. ಮುತಿಯಾತಳನ್ನು ಆಸ್ಪತ್ರೆಯಿಂದ ಮನೆಗೆ ತಂದರು. ಅವಳ ಮನೆ ಇರುವುದು ನಮ್ಮ ಬಣ್ಣದ ಅಂಗಳದ ಕೆಳಗೆ, ಇಳಿಜಾರಿನಲ್ಲಿ. ಹಿತ್ತಲಲ್ಲಿ ಬಾವಿ. ನಾನೇ ನೀರು ಸೇದಿ ಬಿಳಿಯ ಬೋಗುಣಿಗೆ ಸುರಿದೆ. ಬಾಗಿಲ ಹೊರಗೆ ನಿಂತಿದ್ದ ಮಸೀದಿಯ ಗುರುಗಳು ಬೋಗುಣಿಯ ಕಡೆ ಬಗ್ಗಿ ನೋಡಿದರು. ಒಂದು ಬೆರಳು ಅದ್ದಿ ಮೂಗಿನ ಹತ್ತಿರ ಹಿಡಿದರು.

"ಅಲ್ಹಾಜಾ, ಇದು ಆಗೋದಿಲ್ಲ" ಎಂದರು. ಹಜ್ ಮಾಡಿ ಬಂದವಳೆಂದು ಊರಿನವರು ನನ್ನನ್ನು ಹಾಗೆ ಕರೆಯುತ್ತಾರೆ. "ಬಣ್ಣ ತಿರುಗಿದೆ. ವಾಸನೆನೂ ಇದೆ. ಇಂಥ ನೀರಲ್ಲಿ ಮಯ್ಯತ್ ತೊಳೆಯೋ ಹಾಗಿಲ್ಲ. ಬೇರೆ ಕಡೆಯಿಂದ ತರಿಸಿ."

ಆಚೆ ಕೇರಿಯಿಂದ ಹಳದಿ ಕ್ಯಾನುಗಳಲ್ಲಿ, ಬಾಡಿಗೆ ಬೈಕಿನ ಮೇಲೆ ನೀರು ಬಂತು. ಮೂವತ್ತು ವರ್ಷ ಆ ಬಾವಿಯ ಹಗ್ಗ ಹಿಡಿದವಳಿಗೆ ತನ್ನ ಬಾವಿಯ ನೀರಿನ ಕೊನೆಯ ಸ್ನಾನ ಸಿಗಲಿಲ್ಲ. ಕೋಣೆಯಲ್ಲಿದ್ದ ಹೆಂಗಸರೆಲ್ಲರೂ ನನ್ನ ಕೈಗಳನ್ನೇ ನೋಡಿದರು.

ಅವಳ ಮೂತ್ರಪಿಂಡ ಕೆಟ್ಟಿತ್ತು. ಬಾವಿಯ ನೀರೇ ಕಾರಣವೆಂದು ಡಾಕ್ಟರು ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ಆ ಎರಡು ಮಾತುಗಳ ನಡುವೆ ನಾನು ಈಗಲೂ ನಿಂತಿದ್ದೇನೆ.

ಮೂರು ವರ್ಷದ ಹಿಂದೆಯೇ ಅವಳು ಹೇಳಿದ್ದಳು.

"ಅಕ್ಕಾ, ಬಾವಿ ನೀಲಿ ತಿರುಗ್ತಾ ಇದೆ ಕಣೇ."

"ಮಳೆ ಬಿದ್ರೆ ಸರಿ ಹೋಗುತ್ತೆ ಬಿಡು. ನಮ್ಮಿಬ್ಬರನ್ನೂ ಸಾಕಿದ್ದು ಈ ನೀಲಿನೇ ಅಲ್ವೇನೆ?"

ಆಮೇಲೆ ಅವಳು ದೂರುವುದನ್ನು ಬಿಟ್ಟಳು. ಕುಡಿಯಲು ಪೊಟ್ಟಣದ ನೀರು ತಂದಳು. ಅಡುಗೆಗೆ, ಪಾತ್ರೆಗೆ, ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಮಾತ್ರ ಅದೇ ಬಾವಿ.

ಅಬೆವೊಕುಟಾ ಊರಿನ ಬಂಡೆಗಳ ನಡುವೆ ನಮ್ಮದು ಹನ್ನೊಂದು ಹಂಡೆಗಳ ಅಂಗಳ. ಒಂದೊಂದು ಹಂಡೆಗೆ ಒಬ್ಬೊಬ್ಬ ಹೆಂಗಸು. ಬಟ್ಟೆಗೆ ಮೇಣದಲ್ಲಿ ಚಿತ್ತಾರ ಬರೆದು, ಬಣ್ಣದಲ್ಲಿ ಅದ್ದಿ, ಇಟೋಕು ಸಂತೆಗೆ ಕೊಡುತ್ತೇವೆ. ನಮ್ಮ ತಾಯಂದಿರು ಎಲೆ ಕೊಳೆಸಿ ನೀಲಿ ಮಾಡುತ್ತಿದ್ದರು. ನಮಗೆ ಡಬ್ಬಿಯ ಪುಡಿ ಬಂತು. ಅದನ್ನು ಕರಗಿಸಲು ಕಾಸ್ಟಿಕ್ ಸೋಡ ಬಂತು, ಸೋಡದ ಜೊತೆ ಹಾಕುವ ಇನ್ನೊಂದು ಘಾಟು ಪುಡಿ ಬಂತು. ಕೆಲಸ ಬೇಗ ಆಯಿತು. ಮಿಕ್ಕ ನೀರನ್ನು ಚರಂಡಿಗೆ ಸುರಿದೆವು. ಚರಂಡಿ ಇಳಿಜಾರಿಗೆ ಹೋಯಿತು. ಇಳಿಜಾರಿನಲ್ಲಿ ನನ್ನ ತಂಗಿಯಿದ್ದಳು.

ಎಂಟನೆಯ ದಿನದ ಪ್ರಾರ್ಥನೆ ಮುಗಿದು, ಬಂದವರು ಅಲಸಂದೆಯ ವಡೆ ಅಕರಾ ತಿಂದು ಎದ್ದುಹೋದ ಮೇಲೆ ಬಷೀರತ್ ನನ್ನ ಎದುರು ಬಂದು ಕುಳಿತಳು. ಅವಳು ತಾಂತ್ರಿಕ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ.

"ದೊಡ್ಡಮ್ಮಾ, ನಾನು ಆ ಮನೆ ಬಿಡಲ್ಲ. ನನ್ನ ಎರಡು ಮಕ್ಕಳೂ ಅಲ್ಲೇ ಬೆಳೀಬೇಕು. ನೀವು ಹಂಡೆ ಮುಚ್ಚಿ ಅಂತ ಕೇಳಕ್ಕೆ ಬಂದಿಲ್ಲ."

"ಮತ್ತೆ?"

"ಸುರಿಯೋದು ನಿಲ್ಲಿಸಿ. ನೀರನ್ನು ನನಗೆ ಕೊಡಿ. ಬಿಸಿಲಲ್ಲಿ ತೊಳೀತೀನಿ."

"ನೀರನ್ನೇ ತೊಳೀತೀಯಾ? ಯಾವುದರಲ್ಲಿ ತೊಳೀತೀಯೇ?"

"ಬೆಳಕಲ್ಲಿ."

ದುಃಖದಲ್ಲಿ ಹುಡುಗಿಗೆ ತಲೆ ಕೆಟ್ಟಿದೆ ಎಂದು ನಾನು ನಿಜವಾಗಿಯೂ ತಿಳಿದೆ. ಆದರೂ ಬೇಡ ಎನ್ನಲು ನನಗೆ ಮುಖವಿರಲಿಲ್ಲ.

ಮರುವಾರ ಅವಳು ಅಂಗಳದ ಮೂಲೆಯಲ್ಲಿ ತನ್ನ ಸರಂಜಾಮು ಹೂಡಿದಳು. ಮೊದಲಿಗೆ ಎರಡು ಪೀಪಾಯಿ. ಒಂದರಲ್ಲಿ ಮೇಣ, ಕೆಸರು, ದಪ್ಪ ಬಣ್ಣ ತಳಕ್ಕೆ ಕೂರಬೇಕು. ಇನ್ನೊಂದರಲ್ಲಿ ಸೋಡದ ಸುಡುವ ಗುಣ ತಗ್ಗಲು ಆಮ್ಲವನ್ನು ಅಳತೆ ಮಾಡಿ ಹಾಕಿ, ಬಣ್ಣ ಬದಲಿಸುವ ಕಾಗದದಿಂದ ಪರೀಕ್ಷೆ ನೋಡಬೇಕು. ಆ ಅಳತೆ ಅವಳದೇ, ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಕೊನೆಗೆ ಓರೆಯಾಗಿ ನಿಲ್ಲಿಸಿದ ನಾಲ್ಕು ಅಗಲ ತಟ್ಟೆಗಳು. ಅವುಗಳಲ್ಲಿ ಒರಟು ಬಿಲ್ಲೆಗಳು. ಬಿಲ್ಲೆಗಳಿಗೆ ಒಂದು ಬಿಳಿಯ ಪುಡಿ ಹಚ್ಚಿ, ಏಳದ ಹಾಗೆ ಶಾಲೆಯ ಕುಲುಮೆಯಲ್ಲಿ ಬೇಯಿಸಿ ತಂದಿದ್ದಳು. ನೀರು ತಟ್ಟೆಯ ಮೇಲಿಂದ ಕೆಳಕ್ಕೆ ತೆಳ್ಳಗೆ ಹರಿಯಬೇಕು. ಸಣ್ಣ ಪಂಪು ಅದನ್ನು ಮತ್ತೆ ಮೇಲಕ್ಕೆ ಎತ್ತಬೇಕು. ಇಷ್ಟೇ.

ಅಬೋಸೆಡೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ನಾಲಿಗೆಗೆ ಇಡೀ ಇಟೋಕು ಸಂತೆ ಹೆದರುತ್ತದೆ.

"ಟೀಚರಮ್ಮಾ, ಈ ಬಿಳಿ ಪುಡಿ ಎಂಥದು?"

"ಗೋಡೆ ಬಣ್ಣಕ್ಕೆ ಬೆಳ್ಳಗೆ ಬರಲಿ ಅಂತ ಹಾಕ್ತಾರಲ್ಲ, ಅದರ ಜಾತೀದೇ. ಟೈಟಾನಿಯಂ ಡೈಆಕ್ಸೈಡ್ ಅಂತ."

"ಅದು ಬಣ್ಣ ತಿನ್ನುತ್ತೋ?"

"ತಿನ್ನಲ್ಲ ಅತ್ತೆ. ಅದು ಸುಮ್ನೆ ಕೂತಿರುತ್ತೆ. ಬಿಸಿಲು ಬಿದ್ದಾಗ ಮಾತ್ರ ಎಚ್ಚರ ಆಗುತ್ತೆ. ನೀರನ್ನೂ ಗಾಳಿಯನ್ನೂ ಕೆರಳಿಸುತ್ತೆ. ಅವು ಹೋಗಿ ಬಣ್ಣದ ಮೇಲೆ ಬಿದ್ದು ಚೂರು ಚೂರು ಮಾಡ್ತವೆ. ಪುಡಿ ಮಾತ್ರ ಎಷ್ಟಿತ್ತೋ ಅಷ್ಟೇ ಇರುತ್ತೆ."

ಅಬೋಸೆಡೆ ಗಹಗಹಿಸಿ ನಕ್ಕಳು. "ಈ ಪುಡಿ ನಮ್ಮ ಕೇರಿಯ ಮೊದಲನೇ ಮನೆಯವಳೇ ಬಿಡಿ! ಅವರಿವರಿಗೆ ಜಗಳ ಹಚ್ಚಿ, ತಾನು ಮಾತ್ರ ಸೆರಗು ಕೂಡ ಮಾಸದ ಹಾಗೆ ಬಾಗಿಲಲ್ಲಿ ಕೂತಿರೋಳು!"

"ಅದೇ ಅತ್ತೆ. ಅಂಥದಕ್ಕೆ ನಾವು ವೇಗವರ್ಧಕ ಅಂತೀವಿ."

"ನಾವು ಬೇರೆ ಹೆಸರಲ್ಲಿ ಕರೀತೀವಿ. ಅಲ್ಹಾಜಾ ಎದುರಿಗೆ ಹೇಳಬಾರದು."

ತಂಗಿ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಬಷೀರತ್ ಶಾಲೆಗೆ ಹೋಗುವವಳು. ಹಗಲು ಹೊತ್ತು ತಟ್ಟೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಯಿತು. ಪಂಪು ನಿಲ್ಲದ ಹಾಗೆ, ಎಲೆ ಬೀಳದ ಹಾಗೆ ನೋಡಬೇಕು. ನಾನು ನಿಷ್ಠೆಯಿಂದ ನೋಡಿದೆ. ಮೊದಲ ಸಂಜೆ ಅವಳು ಬಂದು ಇಣುಕಿದಳು. ನೀರು ನೀಲಿಯಾಗಿಯೇ ಇತ್ತು. ಎರಡನೆಯ ಸಂಜೆಯೂ ನೀಲಿ. ಮೂರನೆಯ ಸಂಜೆ ಅವಳು ಬಿಲ್ಲೆಗಳನ್ನು ತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. ನಾಲ್ಕನೆಯ ಸಂಜೆ ಒಮ್ಮೆ ಇಣುಕಿ ಕೆಳಗಿನ ಮನೆಗೆ ಇಳಿದುಹೋದಳು.

"ನಿಮ್ಮ ಜಗಳಗಂಟಿಗೆ ನಿದ್ದೆ ಬಂದಿರಬೇಕು" ಎಂದಳು ಅಬೋಸೆಡೆ. ಬೇರೆಯವರು ನಕ್ಕರು. ನಾನು ನಗಲಿಲ್ಲ. ಒಳಗೊಳಗೆ, ಹೇಳಲು ನಾಚಿಕೆಯಾಗುತ್ತದೆ, ಸ್ವಲ್ಪ ಹಗುರವೂ ಆಯಿತು. ಆಗದ ಕೆಲಸವಾದರೆ ನನ್ನ ತಪ್ಪೂ ಸಣ್ಣದಾಗುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ಶನಿವಾರ ಶಾಲೆಯಿರಲಿಲ್ಲ. ಬಷೀರತ್ ನಡುಮಧ್ಯಾಹ್ನ ಅಂಗಳಕ್ಕೆ ಬಂದಳು. ನಾನು ನಮಾಜು ಮುಗಿಸಿ ಚಾಪೆ ಸುತ್ತುತ್ತಿದ್ದೆ. ಅವಳು ಮೂಲೆಯಲ್ಲಿ ನಿಂತು ಕೂಗಿದಳು.

"ದೊಡ್ಡಮ್ಮಾ! ಈ ಟಾರ್ಪಾಲು ಹೊದಿಸಿದ್ದು ಯಾರು?"

"ನಾನೇ ಕಣೇ."

"ಯಾವಾಗ?"

"ದಿನಾ ಹೊದಿಸ್ತೀನಿ. ಬಿಸಿಲು ಏರೋದ್ರೊಳಗೆ ಮುಚ್ಚಿ, ಸಂಜೆ ನಮಾಜಿನ ಹೊತ್ತಿಗೆ ತೆಗೀತೀನಿ. ಹಸಿ ಬಣ್ಣದ ಮೇಲೆ ಬಿಸಿಲು ಬಿಡ್ತಾರೇನೇ ಯಾರಾದ್ರೂ? ಬಣ್ಣ ಹೋಗಲ್ವಾ?"

ಆ ಮಾತು ನನ್ನ ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು.

ಆರು ವರ್ಷದವಳಿದ್ದಾಗ ತಾಯಿ ನನಗೆ ಕಲಿಸಿದ ಮೊದಲ ಪಾಠ ಅದು. ಹಂಡೆಯ ಬಾಯಿ ಮುಚ್ಚು. ಬಟ್ಟೆ ನೆರಳಲ್ಲಿ ಒಣಗಿಸು. ಬಿಸಿಲು ಬಣ್ಣದ ಕಳ್ಳ. ಅರವತ್ತು ವರ್ಷ ನನ್ನ ಕೈಗಳು ಅದನ್ನೇ ಮಾಡಿದ್ದವು. ಬಣ್ಣ ಹೋಗಲಿ ಎಂದೇ ಇಟ್ಟ ತಟ್ಟೆಗಳನ್ನೂ ಬಣ್ಣ ಹೋಗದ ಹಾಗೆ ಕಾಪಾಡಿದ್ದವು. ಬೆಳಕು ಬೀಳದೆ ಆ ಪುಡಿ ಬರಿಯ ಸುಣ್ಣ.

ಬಷೀರತ್ ಟಾರ್ಪಾಲು ಹಿಡಿದುಕೊಂಡೇ ನೆಲದ ಮೇಲೆ ಕುಳಿತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. "ನಾಲ್ಕು ರಾತ್ರಿ ನಾನು ಮಲಗಿಲ್ಲ, ದೊಡ್ಡಮ್ಮಾ. ಪುಸ್ತಕ ತಪ್ಪೋ ನಾನು ತಪ್ಪೋ ಅಂತ ಯೋಚಿಸ್ತಾ ಇದ್ದೆ."

"ತಪ್ಪು ನನ್ನದು" ಎಂದೆ. "ಇದೊಂದೇ ಅಲ್ಲ." ಟಾರ್ಪಾಲನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಸಿ, ಅದರ ಮೇಲೆ ನಾನೇ ಕುಳಿತೆ. ಯಾರೂ ಅದನ್ನು ಮತ್ತೆ ಎತ್ತಬಾರದೆಂದು.

ಭಾನುವಾರ ಅಬೋಸೆಡೆ ಚರ್ಚಿಗೆ ಹೋಗಿ ಬಂದು, ಒಳ್ಳೆಯ ಬಟ್ಟೆಯಲ್ಲಿಯೇ ತಟ್ಟೆಗಳ ಮುಂದೆ ಸ್ಟೂಲು ಹಾಕಿಕೊಂಡಳು. "ಇವತ್ತು ನಾನೇ ಕಾಯ್ತೀನಿ. ಅಲ್ಹಾಜಾನ ನಂಬಕ್ಕಾಗಲ್ಲ, ನಮಾಜಿಗೆ ಹೋಗೋ ಮುಂಚೆ ಏನಾದ್ರೂ ಮುಚ್ಚಿಬಿಡ್ತಾರೆ."

ಬಣ್ಣದ ಛಾಯೆಗಳಿಗೆ ನಮ್ಮ ಅಂಗಳದಲ್ಲಿ ಹೆಸರುಗಳಿವೆ. ಅಬೋಸೆಡೆಯ ಕಣ್ಣು ಎಲ್ಲರಿಗಿಂತ ಚುರುಕು. ಎರಡು ಬಟ್ಟೆಗಳ ನಡುವೆ ನಮಗೆ ಕಾಣದ ವ್ಯತ್ಯಾಸ ಅವಳಿಗೆ ಕಾಣುತ್ತದೆ. ಅವಳು ಗಾಜಿನ ಲೋಟದಲ್ಲಿ ನೀರು ಹಿಡಿದು ಆಕಾಶದ ಕಡೆ ಎತ್ತಿ ನೋಡಿ ಕೂಗುತ್ತಿದ್ದಳು.

ಬೆಳಿಗ್ಗೆ ಹತ್ತಕ್ಕೆ, "ಗಿನಿಕೋಳಿ ನೀಲಿ!"

ಹನ್ನೆರಡಕ್ಕೆ, "ಹೊಳೆ ನೀಲಿ."

ಎರಡಕ್ಕೆ ಅವಳ ದನಿ ಇಳಿದಿತ್ತು. "ಮದುಮಗಳ ಎರಡನೇ ಬಟ್ಟೆ ನೀಲಿ."

ಸೋಮವಾರ ಮಧ್ಯಾಹ್ನ, "ಹೊಗೆ ನೀಲಿ." ಹಂಡೆಗಳ ಹತ್ತಿರ ಕೆಲಸ ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಸ್ಟೂಲಿನ ಸುತ್ತ ನಿಂತರು. ನಾಲ್ಕು ಗಂಟೆಗೆ ಅವಳು ಲೋಟವನ್ನು ಎತ್ತಿದಳು. ತಿರುಗಿಸಿದಳು. ತಲೆಯ ಬಟ್ಟೆಯ ತುದಿಯಿಂದ ಲೋಟ ಒರೆಸಿ ಮತ್ತೆ ನೋಡಿದಳು.

"ಹೇಳೇ, ಇದು ಯಾವ ನೀಲಿ?" ಎಂದು ಯಾರೋ ಕೇಳಿದರು.

"ಇದಕ್ಕೆ ನನ್ನ ಹತ್ತಿರ ಹೆಸರಿಲ್ಲ" ಎಂದಳು ಅಬೋಸೆಡೆ. ಹೇಳಿ ಲೋಟವನ್ನು ಬಾಯಿಗೆ ಎತ್ತಿದಳು.

"ಅತ್ತೆ, ಬೇಡ!" ಶಾಲೆಯಿಂದ ಆಗಷ್ಟೇ ಬಂದಿದ್ದ ಬಷೀರತ್ ಓಡಿಬಂದು ಲೋಟ ಕಿತ್ತುಕೊಂಡಳು. "ಬಣ್ಣ ಹೋದ್ರೆ ಎಲ್ಲ ಹೋಯ್ತು ಅಂತ ಅಲ್ಲ. ಒಡೆದ ಚೂರುಗಳು ಇನ್ನೂ ನೀರಲ್ಲಿರಬಹುದು. ಅದಕ್ಕೇ ಇನ್ನೂ ಒಂದು ದಿನ ಬಿಸಿಲಲ್ಲಿ ಓಡಿಸಿ, ಶಾಲೆಯಲ್ಲಿ ಪರೀಕ್ಷೆ ಮಾಡಿಸ್ತೀನಿ. ಉಪ್ಪು ಹೋಗಲ್ಲ, ಲೋಹದ ಅಂಶ ಇದ್ರೆ ಅದೂ ಹೋಗಲ್ಲ. ಇದು ಕುಡಿಯೋ ನೀರಲ್ಲ."

"ಮತ್ತೆ ಯಾತಕ್ಕೆ ಇದು?"

"ಬಟ್ಟೆನ ಮೊದಲನೇ ಸಲ ಜಾಲಾಡಕ್ಕೆ. ಮತ್ತೆ ಮತ್ತೆ ಇದನ್ನೇ ಬಳಸಿ. ಚರಂಡಿಗೆ ಹೋಗೋದು ಕಮ್ಮಿ ಆಗುತ್ತೆ, ಹೋಗೋದೂ ಸುಡೋ ನೀರಾಗಿರಲ್ಲ."

ಅಬೋಸೆಡೆ ಮೂಗು ಮುರಿದಳು. "ಮೂವತ್ತು ವರ್ಷದಿಂದ ಕಣ್ಣಲ್ಲೇ ಬದುಕಿದೀನಿ. ಈಗ ಕಣ್ಣು ಸಾಲದು ಅಂತೀಯಾ?"

"ಸಾಲದು ಅತ್ತೆ. ಅಮ್ಮನ ಬಾವಿ ಕೆಡಕ್ಕೆ ಶುರುವಾದ ಮೊದಲನೇ ವರ್ಷ ತಿಳಿಯಾಗೇ ಕಾಣ್ತಿತ್ತು."

ಬಷೀರತ್ ನೀರನ್ನು ಇನ್ನೂ ಒಂದು ದಿನ ಬಿಸಿಲಲ್ಲಿ ಓಡಿಸಿ ಶಾಲೆಗೆ ಒಯ್ದಳು. ಪರೀಕ್ಷೆ ಚೆನ್ನಾಗಿ ಬಂತು. ಎಲ್ಲ ಹಂಡೆಗಳ ನೀರಿಗೂ ತಟ್ಟೆ ಬೇಕೆಂದು ಹೆಂಗಸರು ತೀರ್ಮಾನಿಸಿದರು. ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬೀಳುವ ನಡುವಿನ ಜಾಗವನ್ನು ಅದಕ್ಕೆ ಬಿಟ್ಟೆವು.

ಆಗ ಅಲ್ಹಾಜಿ ಗನಿಯು ಬಂದರು. ಅಂಗಳದ ಒಡೆಯರು ಅವರೇ; ಹಜ್ ಮಾಡಿದ ಗಂಡಸನ್ನು ಅಲ್ಹಾಜಿ ಎನ್ನುತ್ತಾರೆ. ಬಿಳಿಯ ನಿಲುವಂಗಿ, ಕೈಯಲ್ಲಿ ಜಪಮಾಲೆ. ತಟ್ಟೆಗಳ ಸುತ್ತ ಒಂದು ಸುತ್ತು ಹಾಕಿ ನನ್ನನ್ನು ಪಕ್ಕಕ್ಕೆ ಕರೆದರು. ನಾನು ಪಕ್ಕಕ್ಕೆ ಹೋಗಲಿಲ್ಲ. ನಿಂತಲ್ಲೇ ನಿಂತೆ. ಅವರು ಎಲ್ಲರೆದುರು ಹೇಳಬೇಕಾಯಿತು.

"ಅಲ್ಹಾಜಾ, ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ಆದ್ರೆ ಇದನ್ನ ತೆಗೆಸಿ."

"ಯಾಕೆ?"

"ಯೋಚನೆ ಮಾಡಿ. ನೀರು ಶುದ್ಧ ಮಾಡ್ತೀವಿ ಅಂದ್ರೆ, ಇಷ್ಟು ದಿನ ವಿಷ ಸುರಿದ್ವಿ ಅಂತ ಒಪ್ಪಿಕೊಂಡ ಹಾಗೆ. ನಾಳೆ ನಗರಸಭೆಯವರು ಬಂದು ಅಂಗಳಕ್ಕೆ ಬೀಗ ಹಾಕ್ತಾರೆ. ಸುಮ್ಮನಿದ್ರೆ ಯಾರೂ ಕೇಳಲ್ಲ. ಮೇಲಿನ ಕಾರ್ಖಾನೆಯವರೂ ಸುರೀತಾರಲ್ಲ, ಅವರು ಏನಾದ್ರೂ ಮಾಡ್ತಿದಾರಾ? ನಿಮಗೊಬ್ಬರಿಗೇ ಯಾಕೆ?"

"ಅಲ್ಹಾಜಿ, ಸುರಿದದ್ದು ಹೌದೋ ಅಲ್ವೋ?"

"ಅದು ಬೇರೆ ಮಾತು."

"ನನಗೆ ಅದೊಂದೇ ಮಾತು. ಸುರಿದ್ವಿ. ನಾನೂ ಸುರಿದೆ. ನನ್ನ ತಂಗಿ ಹೇಳಿದಾಗಲೂ ಸುರಿದೆ. ನಗರಸಭೆಯವರು ಬಂದ್ರೆ ಅವರಿಗೂ ಇದನ್ನೇ ಹೇಳ್ತೀನಿ. ನಾಳೆ ಯಾಕೆ, ಇವತ್ತೇ ಕರೆಸಿ. ಬೀಗ ಹಾಕೋ ಮುಂಚೆ ಈ ತಟ್ಟೆ ನೋಡಲಿ. ನೋಡಿ, ಮೇಲಿನ ಕಾರ್ಖಾನೆಗೂ ಹೋಗಲಿ. ಹನ್ನೊಂದು ಜನ ಓದದ ಹೆಂಗಸರು ಮಾಡ್ತಾರೆ, ನೀವು ಯಾಕೆ ಮಾಡಲ್ಲ ಅಂತ ಕೇಳಲಿ."

ಅವರ ಜಪಮಾಲೆ ನಿಂತಿತು. "ಈ ಜಾಗ ನನ್ನದು. ಬೇರೆ ಕಡೆ ಹಂಡೆ ಇಟ್ಟುಕೊಳ್ಳಿ ಅಂದ್ರೆ ಏನು ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಅಬೋಸೆಡೆ ತನ್ನ ಹಂಡೆಯನ್ನು ಒಲೆಯಿಂದ ಕೆಳಕ್ಕೆ ಇಳಿಸಿದಳು. ದಡ್ ಎಂದು ಸದ್ದಾಯಿತು.

"ಎಲ್ಲಿಗೆ ಹೊರಟೆ?" ಎಂದರು ಅಲ್ಹಾಜಿ.

"ಅಲ್ಹಾಜಾ ಎಲ್ಲಿಗೋ ಅಲ್ಲಿಗೆ. ಇವರ ನಮಾಜು ನನಗೆ ಬರಲ್ಲ. ಆದ್ರೆ ಇವರ ಪಕ್ಕದ ಒಲೆ ನನ್ನದೇ. ನೀವು ಈ ಅಂಗಳದಲ್ಲಿ ಆಡು ಕಟ್ಟಿಕೊಳ್ಳಿ. ಅದೂ ಬಟ್ಟೆಗೆ ಬಣ್ಣ ಹಾಕುತ್ತಾ ನೋಡೋಣ."

ಇನ್ನೊಂದು ಹಂಡೆ ಇಳಿಯಿತು. ಮತ್ತೊಂದು. ಹನ್ನೊಂದೂ ನೆಲಕ್ಕೆ ಬಂದವು. ಅಲ್ಹಾಜಿ ಗನಿಯು ಇಳಿಸಿದ ಹಂಡೆಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ತಟ್ಟೆಗಳ ಹತ್ತಿರ ನಿಂತಿದ್ದ ಬಷೀರತ್ ಕಡೆ ತಿರುಗಿ, "ಮಳೆಗಾಲದಲ್ಲಿ ಏನು ಮಾಡ್ತೀಯಮ್ಮ, ಬಿಸಿಲಿಲ್ಲದಾಗ?" ಎಂದು ಕೇಳಿದರು.

"ನಿಧಾನ ಆಗುತ್ತೆ ಅಲ್ಹಾಜಿ. ದೊಡ್ಡ ಪೀಪಾಯಿಯಲ್ಲಿ ತುಂಬಿಡಬೇಕು. ಬಿಸಿಲು ಬಂದಾಗ ಓಡಿಸಬೇಕು."

"ನನ್ನ ಗೋದಾಮಿನಲ್ಲಿ ಎರಡು ಖಾಲಿ ಇವೆ" ಎಂದು ಹೇಳಿ ಹೊರಟುಹೋದರು. ನಗರಸಭೆಯವರೂ ಒಂದು ದಿನ ಬಂದರು. ನಾನು ಹೇಳುತ್ತೇನೆಂದದ್ದನ್ನು ಹೇಳಿದೆ. ಬೀಗ ಹಾಕಲಿಲ್ಲ. ಮೇಲಿನ ಕಾರ್ಖಾನೆಗೆ ಹೋದರೋ ಇಲ್ಲವೋ ಗೊತ್ತಿಲ್ಲ. ಅವರು ಹೋಗುವವರೆಗೆ ತಿಂಗಳಿಗೊಮ್ಮೆ ನಗರಸಭೆಗೆ ಹೋಗಿ ಕೇಳುತ್ತೇವೆ. ಹನ್ನೊಂದು ಜನ ಒಟ್ಟಿಗೆ ಹೋಗುತ್ತೇವೆ.

ಬಾವಿ ಇನ್ನೂ ಸರಿಯಾಗಿಲ್ಲ. ವರ್ಷಗಟ್ಟಲೆ ಮಣ್ಣಿಗೆ ಇಳಿದದ್ದು ಒಂದು ಮಳೆಗೆ ಹೋಗುವುದಿಲ್ಲವೆಂದು ಬಷೀರತ್ ಹೇಳುತ್ತಾಳೆ. ಅವಳ ಮಕ್ಕಳಿಗೆ ಈಗಲೂ ಆಚೆ ಕೇರಿಯ ನೀರೇ. ಆದರೆ ಆ ಬಾವಿಗೆ ಹೊಸದಾಗಿ ಒಂದು ಲೋಟ ನೀಲಿಯನ್ನೂ ನಾವು ಇಳಿಸುತ್ತಿಲ್ಲ.

ಇದನ್ನು ಓದುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮೂರಿನಲ್ಲಿಯೂ ಬಟ್ಟೆಗೆ ಬಣ್ಣ ಹಾಕುವವರಿರಬಹುದು, ತೊಗಲು ಹದ ಮಾಡುವವರಿರಬಹುದು, ದೊಡ್ಡ ಗೋಡೆಯ ಕಾರ್ಖಾನೆಯಿರಬಹುದು. ಆ ನೀರು ಎಲ್ಲಿಗೆ ಹೋಗುತ್ತದೆಂದು ಇಳಿಜಾರಿನಲ್ಲಿ ನಡೆದು ಹೋಗಿ ನೋಡಿ. ಸುರಿಯುವವರು ನೀವೇ ಆದರೆ ಇವತ್ತೇ ನಿಲ್ಲಿಸಿ. ಕೆಸರು ತಳಕ್ಕೆ ಕೂರಲಿ, ಸೋಡ ತಗ್ಗಲಿ, ಆಮೇಲೆ ನೀರನ್ನು ಪುಡಿ ಹಚ್ಚಿದ ಬಿಲ್ಲೆಗಳ ಮೇಲೆ ತೆಳ್ಳಗೆ ಬೆಳಕಿಗೆ ಬಿಡಿ. ತಟ್ಟೆ ಮುಚ್ಚಬೇಡಿ. ತಿಳಿಯಾಯಿತೆಂದು ಕುಡಿಯಬೇಡಿ, ಪರೀಕ್ಷೆ ಮಾಡಿಸಿ. ಹತ್ತಿರದ ಶಾಲೆಯಲ್ಲಿ, ಕಾಲೇಜಿನಲ್ಲಿ ಇದನ್ನು ಬಲ್ಲ ಒಬ್ಬ ಬಷೀರತ್ ಖಂಡಿತ ಇರುತ್ತಾಳೆ. ಅವಳನ್ನು ಹುಡುಕಿ ಕೇಳಿ. ಸುರಿಯುವವರು ದೊಡ್ಡವರಾದರೆ ಒಬ್ಬರೇ ಹೋಗಬೇಡಿ. ಎಲ್ಲರೂ ಸೇರಿ ಹೋಗಿ. ಸುಮ್ಮನಿರಿ ಎಂದು ಹೇಳುವವರು ಬಂದೇ ಬರುತ್ತಾರೆ. ಸುಮ್ಮನಿರಬೇಡಿ. ಮೂರು ವರ್ಷ ನಾನು ಸುಮ್ಮನಿದ್ದೆ.

ಯಾ ಅಲ್ಲಾಹ್, ನನ್ನ ತಂಗಿ ಮುತಿಯಾತಳನ್ನು ಕ್ಷಮಿಸು, ಅವಳ ಮೇಲೆ ಕರುಣೆ ತೋರು. ಅವಳು ಯಾರಿಗೂ ಕೆಡುಕು ಮಾಡಿದವಳಲ್ಲ. ಅವಳ ಗೋರಿಯನ್ನು ವಿಶಾಲ ಮಾಡು, ಅದರಲ್ಲಿ ಬೆಳಕು ತುಂಬು. ಅವಳಿಗೆ ಶಾಂತಿ ಕೊಡು. ಆಮೀನ್.